ಪಕ್ಕದ ಕೋಣೆಯ ನಗು

ಆ ನಂಬರು ನನಗೆ ಸಿಕ್ಕಿದ್ದು ಲೋಕಲ್‌ನ ಲೇಡೀಸ್ ಡಬ್ಬಿಯಲ್ಲಿ. ಮಂಡಿನೋವಿನ ಎಣ್ಣೆ, ಮನೆಯಲ್ಲೇ ಕೂತು ಸಂಪಾದಿಸಿ ಎನ್ನುವ ಜಾಹೀರಾತುಗಳ ನಡುವೆ ಅರ್ಧ ಹರಿದ ಒಂದು ಸ್ಟಿಕ್ಕರ್ ಇತ್ತು. ಕುಡಿತ ಬಿಡಬೇಕು ಎನ್ನುವವರು ಫೋನ್ ಮಾಡಿ ಎಂದು ಹಿಂದಿಯಲ್ಲಿ ಬರೆದಿತ್ತು. ಕುರ್ಲಾದಿಂದ ಶಾಲೆಗೆ ಹೋಗುವಾಗ ಅದನ್ನು ಎಷ್ಟೋ ಸಲ ನೋಡಿದ್ದೆ. ಬರೆದುಕೊಳ್ಳಲು ನಾಚಿಕೆ, ಪಕ್ಕದಲ್ಲಿ ಕೂತವಳು ನನ್ನನ್ನೇ ಕುಡುಕಿ ಎಂದುಕೊಂಡರೆ? ಕೊನೆಗೊಂದು ಬೆಳಿಗ್ಗೆ ಸೆಲ್ಫಿ ತೆಗೆದುಕೊಳ್ಳುವವಳಂತೆ ನಟಿಸಿ ಅದರ ಫೋಟೊ ಹಿಡಿದೆ. ಫೋಟೊದಲ್ಲಿ ನನ್ನ ಅರ್ಧ ಕಿವಿಯೂ ಬಂದಿತ್ತು.

ನಾನು ಮುನ್ಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ಟೀಚರ್. ನನ್ನ ಗಂಡ ಬೈಕುಲ್ಲಾದ ಒಂದು ಉಡುಪಿ ಹೋಟೆಲಿನಲ್ಲಿ ಮ್ಯಾನೇಜರ್. ಇಬ್ಬರ ಊರೂ ಉಡುಪಿಯ ಕಡೆಗೇ. ಮದುವೆಯಾದ ಹೊಸತರಲ್ಲಿ ಅವರು ಕುಡಿಯುತ್ತಿದ್ದುದು ಹೋಟೆಲು ಮುಚ್ಚಿದ ಮೇಲೆ, ಗೆಳೆಯರ ಜೊತೆ. ಬರಬರುತ್ತ ಗೆಳೆಯರು ಬೇಕಾಗಲಿಲ್ಲ. ಆಮೇಲೆ ಹೋಟೆಲು ಮುಚ್ಚುವವರೆಗೆ ಕಾಯುವುದೂ ಬೇಕಾಗಲಿಲ್ಲ. ಆ ವರ್ಷ ಅವರು ಸ್ಟೇಷನ್ನಿನ ಮೆಟ್ಟಿಲಲ್ಲಿ ಬಿದ್ದು ಹಣೆಗೆ ಹೊಲಿಗೆ ಹಾಕಿಸಿಕೊಂಡಿದ್ದರು. ಹೋಟೆಲಿನ ಸೇಠ್ ನನಗೇ ಫೋನ್ ಮಾಡಿ, "ಇನ್ನೊಮ್ಮೆ ಗಲ್ಲಾದಲ್ಲಿ ತೂಕಡಿಸಿದ್ರೆ ಊರಿಗೆ ಕಳಿಸ್ಲಿಕ್ಕುಂಟು, ನೀವು ಬೇಜಾರು ಮಾಡ್ಬಾರ್ದು" ಎಂದಿದ್ದರು.

ಶಾಲೆಯ ಮೆಟ್ಟಿಲ ಕೆಳಗೆ ನಿಂತು ಆ ನಂಬರಿಗೆ ಫೋನ್ ಮಾಡಿದೆ. ವಯಸ್ಸಾದ ಗಂಡಸಿನ ದನಿ ಹಿಂದಿಯಲ್ಲಿ ಕೇಳಿತು, ನಿಮಗೋಸ್ಕರವೋ ಮನೆಯಲ್ಲಿ ಬೇರೆ ಯಾರಿಗೋಸ್ಕರವೋ ಎಂದು. ಗಂಡನಿಗೆ ಎಂದೆ. ಹಾಗಾದರೆ ಅವರೇ ಫೋನ್ ಮಾಡಬೇಕು, ಅವರೇ ಬರಬೇಕು, ನಾವು ಯಾರನ್ನೂ ಎಳೆದು ತರುವುದಿಲ್ಲ ಎಂದಿತು ಆ ದನಿ. "ಆದರೆ ಮನೆಯವರಿಗೂ ಒಂದು ಮೀಟಿಂಗ್ ಇದೆ. ನೀವು ಅಲ್ಲಿಗೆ ಹೋಗಿ."

"ನನಗೇಕೆ? ನಾನು ಕುಡಿಯುವುದಿಲ್ಲವಲ್ಲ."

"ಕುಡಿಯುವುದಿಲ್ಲ, ಸರಿ. ನಿದ್ದೆ ಮಾಡುತ್ತೀರಾ?"

ನಾನು ಚೀಲದಿಂದ ಪೆನ್ನು ಹುಡುಕಿ ತೆಗೆದೆ. ಅವರು ಬಾಂದ್ರಾದ ಒಂದು ಚರ್ಚಿನ ಗುರುತು ಹೇಳಿದರು.

ಶನಿವಾರ ಶಾಲೆ ಬಿಟ್ಟ ಮೇಲೆ ಕುರ್ಲಾದಿಂದ ಬಸ್ ಹಿಡಿದು ಹೋದೆ. ಚರ್ಚಿನ ಹಿಂದಿನ ಹಾಲ್‌ನಲ್ಲಿ ಹೆಂಗಸರು ಗಂಡಸರು ನಿಂತಿದ್ದರು. ಒಳಗೆ ಕಾಲಿಟ್ಟದ್ದೇ ಒಬ್ಬಾಕೆ ನಗುತ್ತಾ ನನ್ನ ಕೈಗೆ ಹಾಡಿನ ಹಾಳೆಯೊಂದನ್ನು ಕೊಟ್ಟಳು. ಇಲ್ಲಿ ಹೀಗೇ ಶುರುವಾಗುವುದೇನೋ ಎಂದು ನಾನೂ ಅವರೊಟ್ಟಿಗೆ ನಿಂತು ಬಾಯಿ ಆಡಿಸಿದೆ. ಮೂರನೆಯ ಹಾಡಿಗೆ ಅನುಮಾನ ಬಂತು. ಅದು ಹಬ್ಬದ ಹಾಡಿನ ಅಭ್ಯಾಸ. ಪಕ್ಕದವಳಿಗೆ ವಿಷಯವನ್ನು ಪಿಸುಗುಟ್ಟಿದಾಗ ಅವಳು ನನ್ನ ಮುಖ ನೋಡದೆ ಮಹಡಿಯ ಮೆಟ್ಟಿಲು ತೋರಿಸಿದಳು.

ಮೇಲೆ ಆರೇಳು ಜನ ಹೆಂಗಸರು ವೃತ್ತಾಕಾರದಲ್ಲಿ ಕೂತಿದ್ದರು. ಎಲ್ಲವೂ ಇಂಗ್ಲಿಷಿನಲ್ಲಿ. ನನ್ನ ಇಂಗ್ಲಿಷು ಪಾಠ ಮಾಡುವುದಕ್ಕೆ ಸಾಕು, ಅಳುವುದಕ್ಕೆ ಸಾಲದು. ನನ್ನ ಸರದಿ ಬಂದಾಗ ಹೆಸರು, ಕೆಲಸ ಎರಡೇ ವಾಕ್ಯದಲ್ಲಿ ಹೇಳಿ ಮುಗಿಸಿದೆ. ಮುಗಿದ ಮೇಲೆ ಬೆಳ್ಳಿಕೂದಲಿನ ಆಂಟಿಯೊಬ್ಬರು ಹತ್ತಿರ ಬಂದು, "ಊರು ಎಲ್ಲಿ?" ಎಂದು ಕನ್ನಡದಲ್ಲೇ ಕೇಳಿದರು. ಉಡುಪಿಯ ಹತ್ತಿರ ಎಂದೆ. "ನಂದು ಮಂಗಳೂರು. ನಿನ್ನ ಇಂಗ್ಲಿಷ್ ಕೇಳಿದ ಕೂಡ್ಲೇ ಗೊತ್ತಾಯ್ತು ನಮ್ಮ ಕಡೆಯವ್ಳು ಅಂತ" ಎಂದು ನಕ್ಕರು. "ಇಲ್ಲಿ ಬೇಡ ಮಗಾ, ಬೈಕುಲ್ಲಾಕ್ಕೆ ಬಾ. ಅಲ್ಲಿ ಹಿಂದಿ ನಡೀತದೆ, ನಿಂಗೆ ಬೇಕಾದ್ರೆ ನನ್ನ ಹತ್ರ ಕನ್ನಡದಲ್ಲಿ ಹೇಳು. ಗಂಡಸರ ಮೀಟಿಂಗ್ ಒಂದು ಕೋಣೆಯಲ್ಲಿ, ನಮ್ದು ಅದರ ಪಕ್ಕದಲ್ಲಿ. ನಿನ್ನ ಗಂಡ ಇವತ್ತಲ್ಲ ನಾಳೆ ಬರ್ತಾನೆ." ಆ ದಿನ ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ ಕೂತು ಅಳುತ್ತಾ ಬಂದೆ. ಬಹಳ ಕಾಲದ ಮೇಲೆ ಯಾರೋ ನನ್ನನ್ನು ಮಗಾ ಎಂದಿದ್ದರು.

ಬೈಕುಲ್ಲಾದ ಮೀಟಿಂಗ್ ನಡೆಯುತ್ತಿದ್ದುದು ಒಂದು ಶಾಲೆಯ ಕೋಣೆಗಳಲ್ಲಿ. ಒಂದನೆಯ ತರಗತಿಯ ಬೆಂಚಿನಲ್ಲಿ ದೊಡ್ಡವರು ಮಂಡಿ ಮಡಚಿ ಕೂರಬೇಕು. ಕರಿಹಲಗೆಯ ಮೇಲೆ ಮಗ್ಗಿ. ಎರಡು ಕೋಣೆಗಳ ನಡುವೆ ಗೋಡೆ ಇರಲಿಲ್ಲ, ಮರದ ಮಡಚು ಬಾಗಿಲು ಮಾತ್ರ. ಆಚೆಯ ಮಾತು ತಿಳಿಯುತ್ತಿರಲಿಲ್ಲ, ಆದರೆ ನಗು ಕೇಳುತ್ತಿತ್ತು. ನಾವು ಈಚೆ ಕಣ್ಣೊರೆಸಿಕೊಳ್ಳುತ್ತಿದ್ದರೆ ಆಚೆ ಗಂಡಸರು ಹೋ ಎಂದು ನಗುತ್ತಿದ್ದರು. ಮೊದಲ ದಿನವೇ ಆಂಟಿಯನ್ನು ಕೇಳಿದೆ, ಅಷ್ಟು ನಗುವಂಥದ್ದು ಏನಿದೆ ಎಂದು. "ತಮ್ಮ ಹಳೇ ಅವತಾರಕ್ಕೆ ನಗೋದು. ನಗ್ಲಿ ಬಿಡು, ನಕ್ಕರೆ ಕುಡಿಯೂದಿಲ್ಲ" ಎಂದರು.

ನನ್ನ ಗಂಡ ಬರಲು ಒಪ್ಪಲಿಲ್ಲ. "ನಾನೇನು ಬೇವಡಾನಾ, ಬೀದಿ ಕುಡುಕನಾ? ಗಟಾರದಲ್ಲಿ ಬಿದ್ದದ್ದು ನೋಡಿದ್ದಿಯಾ?" ಎಂದು ರೇಗಿದರು. ಆಗ ಆಂಟಿಯ ಗಂಡ, ಹಿಂದೆ ಹಡಗಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು, ಅವರ ಹೋಟೆಲಿಗೇ ಹೋಗತೊಡಗಿದರು. ಗಲ್ಲಾದ ಹತ್ತಿರದ ಮೇಜಿನಲ್ಲಿ ಕೂತು ಚಾ ಕುಡಿಯುವುದು, ಊರಿನ ಮಾತು, ತಾವು ಕುಡಿದು ಹಡಗು ತಪ್ಪಿಸಿಕೊಂಡ ಕಥೆ, ಅಷ್ಟೇ. ಮೀಟಿಂಗಿನ ಹೆಸರೇ ಎತ್ತುತ್ತಿರಲಿಲ್ಲವಂತೆ. ಮಳೆಗಾಲ ಮುಗಿಯುವ ಹೊತ್ತಿಗೆ ನನ್ನ ಗಂಡ ತಾವಾಗಿಯೇ, "ಅಂಕಲ್ ಕರೀತಿದ್ದಾರೆ, ಒಮ್ಮೆ ನೋಡಿ ಬರ್ತೇನೆ" ಎಂದರು. ಹೋದವರು ಮತ್ತೆ ಮೀಟಿಂಗ್ ಬಿಡಲಿಲ್ಲ. ಅಂಕಲ್ಲೇ ನನ್ನ ಗಂಡನ ಸ್ಪಾನ್ಸರ್ ಆದರು, ಅಂದರೆ ಗುಂಪಿಗೆ ಹೊಸಬನಾಗಿ ಬಂದವನಿಗೆ ದಾರಿ ತೋರಿಸುವ ಹಿರಿಯ. ಸ್ಪಾನ್ಸರ್‌ನ ಹತ್ತಿರ ಎಲ್ಲವನ್ನೂ ಹೇಳಿಕೊಳ್ಳಬೇಕು. ಅಲ್ಲಿ ಕೇಳಿದ್ದು ಅಲ್ಲೇ ಉಳಿಯಬೇಕು. ಅದು ಎರಡೂ ಕೋಣೆಗಳ ನಿಯಮ.

ಆ ವರ್ಷ ನಾನು ಸುಖವಾಗಿದ್ದೆ. ಅದನ್ನು ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಅವರ ಕೈ ನಡುಗುವುದು ನಿಂತಿತು. ಸಂಜೆ ಬಾಗಿಲು ಬಡಿದರೆ ಎದೆ ಹಾರುವುದು ನಿಂತಿತು. ಕಾಲೇಜಿಗೆ ಹೋಗುವ ಮಗಳು ಗೆಳತಿಯರನ್ನು ಮನೆಗೆ ಕರೆಯತೊಡಗಿದಳು. ವಾರಕ್ಕೊಮ್ಮೆ ನಾವಿಬ್ಬರೂ ಒಟ್ಟಿಗೇ ಬೈಕುಲ್ಲಾಕ್ಕೆ ಹೋಗಿ, ಅವರು ಆಚೆ ಕೋಣೆಗೆ, ನಾನು ಈಚೆ ಕೋಣೆಗೆ.

ಇಲ್ಲಿ ನನ್ನ ತಮ್ಮನ ವಿಷಯ ಹೇಳಬೇಕು.

ಮಗಳು ಚಿಕ್ಕವಳಿದ್ದಾಗ ನನ್ನ ತಮ್ಮ ಮುಂಬಯಿಗೆ ಬಂದು ನಮ್ಮ ಮನೆಯಲ್ಲೇ ಇದ್ದ. ಇಪ್ಪತ್ತೈದರ ಆಸುಪಾಸಿನ ವಯಸ್ಸು. ಭಾವನ ಹೋಟೆಲಿನಲ್ಲೇ ದೋಸೆ ಕಾವಲಿಯ ಮುಂದೆ ಕೆಲಸ. ನಮ್ಮದು ಒಂದೇ ಕೋಣೆಯ ಮನೆ. ಅಡುಗೆಕಟ್ಟೆಯ ಮೇಲಿನ ಮಾಳಾದಲ್ಲಿ, ಇಲ್ಲಿ ಅಟ್ಟಕ್ಕೆ ಹಾಗೆನ್ನುವುದು, ಅವನ ಹಾಸಿಗೆ ಮತ್ತು ಬ್ಯಾಗು. ಚೆಂಬೂರಿನ ಒಂದು ಹೋಟೆಲಿನವರ ಮನೆಯಿಂದ ಅವನಿಗೆ ಸಂಬಂಧ ಬಂದಿತ್ತು. ಹುಡುಗಿ ನೋಡಲು ಹೋಗುವ ಭಾನುವಾರ ಬೆಳಿಗ್ಗೆ, ಅವನ ಒಳ್ಳೆಯ ಅಂಗಿಗೆ ಇಸ್ತ್ರಿ ಹಾಕೋಣ ಎಂದು ನಾನೇ ಬ್ಯಾಗು ಕೆಳಗಿಳಿಸಿದೆ. ಅಂಗಿಯ ಅಡಿಯಲ್ಲಿ ಲುಂಗಿಯಲ್ಲಿ ಸುತ್ತಿದ ಬಾಟಲಿಗಳಿದ್ದವು. ಕೆಲವು ಖಾಲಿ, ಒಂದು ಅರ್ಧ.

ಅದೇ ವಾರ ನನ್ನ ಗಂಡ ಮಗಳ ತಲೆ ಮುಟ್ಟಿ ಇನ್ನು ಕುಡಿಯುವುದಿಲ್ಲ ಎಂದು ಆಣೆ ಹಾಕಿದ್ದರು. ಇನ್ನೊಮ್ಮೆ ಕುಡಿದರೆ ಮಗುವನ್ನು ಕರೆದುಕೊಂಡು ಹೊರಟೆ ಎಂದು ನಾನೂ ಹೇಳಿದ್ದೆ. ಬಾಟಲಿಗಳನ್ನು ನೆಲದ ಮೇಲಿಟ್ಟು ಇಬ್ಬರನ್ನೂ ನೋಡಿದೆ. ಗಂಡನೇ ಮೊದಲು ಮಾತಾಡಿದ್ದು. "ನಾನೇ ಹೇಳ್ಬೇಕು ಅಂತಿದ್ದೆ. ಇವನ ಬಾಯಿ ವಾಸನೆ ನಂಗೆ ಮೊದ್ಲೇ ಗೊತ್ತಾಗಿತ್ತು. ನಿಂಗೆ ಬೇಜಾರಾಗ್ತದೆ ಅಂತ ಸುಮ್ಮನಿದ್ದೆ."

ನನ್ನ ತಮ್ಮ ಭಾವನ ಮುಖವನ್ನೇ ನೋಡಿದ. ಮಗು ಅಳುತ್ತಿತ್ತು. ಆಮೇಲೆ ಅವನು ನೆಲ ನೋಡಿಕೊಂಡು, "ತಪ್ಪಾಯ್ತು ಅಕ್ಕ" ಎಂದ.

ನಾನು ನಂಬಿದೆ. ಗಂಡ ಹೇಳಿದ್ದಕ್ಕಲ್ಲ, ತಮ್ಮನೇ ಒಪ್ಪಿಕೊಂಡಿದ್ದಕ್ಕೆ. ಹುಡುಗಿ ನೋಡುವುದು ನಿಂತಿತು. ಆ ವಾರವೇ ಅವನು ನಮ್ಮ ಮನೆಯನ್ನೂ ಹೋಟೆಲಿನ ಕೆಲಸವನ್ನೂ ಬಿಟ್ಟ. ಫೋನಿನಲ್ಲಿ ಅಮ್ಮನ ಹತ್ತಿರ ಎಲ್ಲ ಹೇಳಿ ಅತ್ತುಬಿಟ್ಟೆ. ಹೋಟೆಲಿನವರ ನಡುವೆ ಸುದ್ದಿ ಹರಡಲು ಎಷ್ಟು ಹೊತ್ತು? ಕುಡಿಯುವವನು ಎಂದು ಬಾಂದ್ರಾದಿಂದ ಮುಲುಂಡಿನವರೆಗೆ ಯಾರೂ ಅವನಿಗೆ ಕಾವಲಿ ಕೊಡಲಿಲ್ಲ. ಕೊನೆಗೆ ಅವನು ಹುಬ್ಬಳ್ಳಿಗೆ ಹೋಗಿ ಒಂದು ಕಾಲೇಜಿನ ಹಾಸ್ಟೆಲ್ ಮೆಸ್ಸಿನಲ್ಲಿ ಅಡುಗೆಗೆ ಸೇರಿದ. ಅಲ್ಲಿಯ ಹುಡುಗಿಯನ್ನೇ ತಡವಾಗಿ ಮದುವೆಯಾದ. ಮದುವೆಗೆ ನಾನು ನೆಂಟಳಂತೆ ಹೋಗಿ ಅದೇ ಸಂಜೆ ರೈಲು ಹತ್ತಿದೆ. ಹೊರಡುವ ಮೊದಲು ಮದುಮಗಳನ್ನು ಪಕ್ಕಕ್ಕೆ ಕರೆದು, "ಹಿಂದೆ ಇವನಿಗೆ ಅಭ್ಯಾಸ ಇತ್ತು. ಸ್ವಲ್ಪ ಕಣ್ಣಿಟ್ಟಿರು" ಎಂದೆ. ಅಕ್ಕನಾದವಳ ಕರ್ತವ್ಯ ಮಾಡಿದೆ ಎಂದುಕೊಂಡಿದ್ದೆ.

ಬೈಕುಲ್ಲಾದ ಕೋಣೆಯಲ್ಲಿ ಒಂದು ದಿನ ಈ ಕಥೆಯನ್ನೂ ಹೇಳಿದೆ. ನನ್ನ ಮನೆಯಲ್ಲಿ ಇಬ್ಬರು ಕುಡುಕರಿದ್ದರು, ಗಂಡ ಸರಿಯಾದರು, ತಮ್ಮ ದೂರವಾದ, ಅವನೂ ಇಂಥದೊಂದು ಕೋಣೆಗೆ ಬಂದಿದ್ದರೆ ಎಂದು ಕಣ್ಣೀರು ಹಾಕಿದೆ. ಆಂಟಿ ನನ್ನ ಪಕ್ಕದಲ್ಲೇ ಕೂತಿದ್ದರು. ನನ್ನ ಬೆನ್ನು ಸವರಿದರು.

ಕುಡಿಯದೆ ಒಂದು ವರ್ಷ ಕಳೆದವರಿಗೆ ಗುಂಪಿನವರು ಬರ್ತ್‌ಡೇ ಮಾಡುತ್ತಾರೆ. ಆ ದಿನ ಮನೆಯವರೂ ಬರಬಹುದು. ಮಡಚು ಬಾಗಿಲನ್ನು ಸರಿಸಿ ಎರಡು ಕೋಣೆಗಳನ್ನು ಒಂದು ಮಾಡುತ್ತಾರೆ. ನನ್ನ ಗಂಡನ ಬರ್ತ್‌ಡೇ ದಿನ ನಾನು ರೇಷ್ಮೆ ಸೀರೆ ಉಟ್ಟಿದ್ದೆ. ಮಗಳಿಗೆ ಪರೀಕ್ಷೆ, ಬರಲಿಲ್ಲ. ಮುಂದಿನ ಬೆಂಚಿನಲ್ಲಿ ಆಂಟಿಯ ಪಕ್ಕ ಕೂತೆ. ನನ್ನ ಗಂಡ ಎದ್ದು ನಿಂತಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಗುಂಪಿನಲ್ಲಿ ಅವರು ಮಾತುಗಾರರೆಂದು ಹೆಸರಾಗಿದ್ದರಂತೆ. ಮನೆಯಲ್ಲಿ ಹೂಂ, ಹಾಂ ಬಿಟ್ಟರೆ ಮಾತಾಡದ ಮನುಷ್ಯ.

ಹಿಂದಿಯಲ್ಲಿ ಶುರು ಮಾಡಿದರು. ಹೋಟೆಲು, ಕುಡಿತ, ಮೆಟ್ಟಿಲಲ್ಲಿ ಬಿದ್ದದ್ದು, ಎಲ್ಲ ನನಗೆ ಗೊತ್ತಿದ್ದದ್ದೇ. ಆಮೇಲೆ, "ಮನೆಯಲ್ಲಿ ಹೆಂಡತಿಯ ಕಣ್ಣು ತಪ್ಪಿಸಿ ಬಾಟಲಿ ಇಡುವ ಜಾಗ ಯಾವುದು ಹೇಳಿ?" ಎಂದರು. ಹಿಂದಿನ ಸಾಲಿನಲ್ಲಿ ಆಗಲೇ ಕಿಸಿಕಿಸಿ ಶುರುವಾಗಿತ್ತು. "ನನ್ನ ಬ್ಯಾಗು ಹುಡುಕುತ್ತಾಳೆ, ಕಪಾಟು ಹುಡುಕುತ್ತಾಳೆ, ಅಕ್ಕಿ ಡಬ್ಬಿಯಲ್ಲೂ ಕೈ ಹಾಕುತ್ತಾಳೆ. ತನ್ನ ತಮ್ಮನ ಬ್ಯಾಗು ಮಾತ್ರ ಹುಡುಕುವುದಿಲ್ಲ." ಸ್ವಲ್ಪ ನಿಲ್ಲಿಸಿದರು. "ಒಂದು ದಿನ ಅದನ್ನೂ ತೆಗೆದಳು. ಈಗ ಏನು ಮಾಡುವುದು?"

ಅವರು ಮುಂದುವರಿಸುವ ಮೊದಲೇ ಹಿಂದಿನ ಬೆಂಚಿನಿಂದ ಒಬ್ಬ ಕೂಗಿದ, "ಆಖಿರ್ ಸಾಲಾ ಕಿಸ್ ದಿನ್ ಕಾಮ್ ಆಯೇಗಾ!"

ಸಾಲಾ ಎಂದರೆ ಹೆಂಡತಿಯ ತಮ್ಮ. ಹಿಂದಿಯಲ್ಲಿ ಅದು ಬೈಗುಳವೂ ಹೌದು. ಹೆಂಡತಿಯ ತಮ್ಮ ಇಂಥ ದಿನಕ್ಕಲ್ಲದೆ ಮತ್ಯಾವ ದಿನಕ್ಕೆ ಉಪಯೋಗಕ್ಕೆ ಬರಬೇಕು ಎಂದು ಅರ್ಥ. ಇಡೀ ಕೋಣೆ ಬಿದ್ದು ಬಿದ್ದು ನಕ್ಕಿತು. ನನ್ನ ಗಂಡ ಆ ಕೂಗಿದವನಿಗೆ ಬೆರಳು ತೋರಿಸಿ ತಾವೂ ನಕ್ಕರು.

ಆ ನಗುವಿನ ನಡುವೆ ನನಗೆ ಎರಡು ವಿಷಯ ಅರ್ಥವಾದವು. ಬಾಟಲಿಗಳು ನನ್ನ ತಮ್ಮನವಾಗಿರಲಿಲ್ಲ. ಮತ್ತು ಈ ಕಥೆಯನ್ನು ಇವರು ಮೊದಲ ಸಲ ಹೇಳುತ್ತಿರಲಿಲ್ಲ. ಕೊನೆಯ ಮಾತು ಬರುವ ಮುಂಚೆಯೇ ಗೊತ್ತಿರಬೇಕಾದರೆ ಅವರೆಲ್ಲ ಎಷ್ಟು ಸಲ ಕೇಳಿರಬೇಕು? ಮಡಚು ಬಾಗಿಲಿನ ಈಚೆ ಕೂತು ನಾನು ಕೇಳಿಸಿಕೊಂಡ ನಗುವಿನಲ್ಲಿ ಎಷ್ಟು ಈ ಕಥೆಯದು?

ಅವರು ಆಮೇಲೆ ಗಂಭೀರವಾಗಿ, ಅವನಿಗೆ ನಾನು ಅನ್ಯಾಯ ಮಾಡಿದೆ, ಅದರ ಭಾರ ನನ್ನ ಮೇಲಿದೆ ಎಂದೂ ಹೇಳಿದರು. ಕೆಲವರು ಕಣ್ಣೊರೆಸಿಕೊಂಡರು. ನನ್ನ ಕಿವಿಗೆ ಅದು ದೂರದಿಂದ ಬಂದಂತೆ ಇತ್ತು. ಕೇಕ್ ಕತ್ತರಿಸಲು ನನ್ನನ್ನು ಕರೆದರು. ಹೋದೆ. ಕೈ ಹಿಡಿದು ಕತ್ತರಿಸಿದೆ. ಫೋಟೊ ತೆಗೆಯುವಂತಿಲ್ಲ ಎನ್ನುವುದು ಅಲ್ಲಿಯ ಇನ್ನೊಂದು ನಿಯಮ, ಅಷ್ಟು ಪುಣ್ಯ.

ಸ್ಟೇಷನ್ನಿಗೆ ನಡೆಯುವಾಗ ಅವರು ಕೇಕಿನ ಡಬ್ಬಿ ಹಿಡಿದು ಉತ್ಸಾಹದಲ್ಲಿದ್ದರು. "ಹೇಗಿತ್ತು ಶೇರಿಂಗ್?" ಎಂದರು. ಎದ್ದು ನಿಂತು ತಮ್ಮ ಕಥೆ ಹೇಳಿಕೊಳ್ಳುವುದಕ್ಕೆ ಅಲ್ಲಿ ಹಾಗೆನ್ನುವುದು.

"ಆ ಬಾಟ್ಲಿ ನಿಮ್ದಾ?"

ಅವರು ನಡೆಯುತ್ತಲೇ ನನ್ನತ್ತ ತಿರುಗಿದರು. ಅವರ ಮುಖದಲ್ಲಿದ್ದುದು ಗಾಬರಿಯಲ್ಲ, ಆಶ್ಚರ್ಯ. "ನಿಂಗೆ ಇಷ್ಟು ವರ್ಷದಲ್ಲಿ ಅಂದಾಜಾಗಿರ್ಲಿಲ್ವಾ? ನಾನು ನಿಂಗೆ ಗೊತ್ತುಂಟು ಅಂದ್ಕೊಂಡಿದ್ದೆ."

"ಹೇಗೆ ಗೊತ್ತಾಗ್ಬೇಕು? ನೀವು ಹೇಳಿದ್ದಾ?"

"ಹೇಳ್ಬೇಕು ಅಂತಿತ್ತು. ಅಂಕಲ್ ಹತ್ರ ಕೇಳಿದೆ. ಹೇಳಿದ್ರೆ ಇನ್ನೊಬ್ರಿಗೆ ನೋವಾಗೂದಾದ್ರೆ ಗಡಿಬಿಡಿ ಮಾಡ್ಬೇಡ ಅಂದ್ರು."

"ಅಲ್ಲಿ ಅಷ್ಟು ಜನಕ್ಕೆ ಹೇಳಿ ನಗ್ಸಿದ್ರೆ ನೋವಾಗೂದಿಲ್ಲ, ನನಗೊಬ್ಬಳಿಗೆ ಹೇಳಿದ್ರೆ ನೋವಾಗ್ತದಾ?"

"ಅಲ್ಲಿ ಎಲ್ರೂ ನನ್ನ ಹಾಗೇ ಇದ್ದವ್ರು ಮಾರಾಯ್ತಿ. ಅವ್ರಿಗೆ ಅರ್ಥ ಆಗ್ತದೆ." ಕೇಕಿನ ಡಬ್ಬಿಯನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡರು. "ನಾನು ಕುಡಿಯೂದು ಬಿಟ್ಟಿದ್ದೇನೆ. ಅದಕ್ಕಿಂತ ಹೆಚ್ಚು ನಿಂಗೆ ಎಂತ ಬೇಕು ಹೇಳು."

ಆ ಪ್ರಶ್ನೆಗೆ ಎದುರಾಡುವ ಹಾಗಿರಲಿಲ್ಲ. ಅದು ಅವರ ಜಾಣತನವಲ್ಲ, ನಿಜವಾಗಿಯೂ ಹಾಗೇ ನಂಬಿದ್ದರು. ಕುಡಿಯುತ್ತಿದ್ದಾಗ ಅವರ ಮೇಲೆ ಕೂಗಾಡಬಹುದಿತ್ತು. ಈಗ ಕೂಗಾಡಿದರೆ, ಮನಸ್ಸು ಕೆಟ್ಟು ಮತ್ತೆ ಬಾರಿಗೆ ಹೋದರೆ, ಕಾರಣ ನಾನು. ನಮ್ಮ ಕೋಣೆಯಲ್ಲಿ ಇನ್ನೊಬ್ಬರ ಕಾರಣದಿಂದ ಯಾರೂ ಕುಡಿಯುವುದಿಲ್ಲ ಎಂದು ಪ್ರತಿ ವಾರ ಹೇಳಿಕೊಳ್ಳುತ್ತಿದ್ದೆವು. ಹಾಗೆ ಹೇಳಿಕೊಂಡೂ ಮನೆಯಲ್ಲಿ ನಾವೆಲ್ಲ ಮೆಲ್ಲಗೆ ನಡೆಯುತ್ತಿದ್ದೆವು.

ಮರುದಿನ ಊಟದ ಬಿಡುವಿನಲ್ಲಿ ಖಾಲಿ ತರಗತಿಯಿಂದ ತಮ್ಮನಿಗೆ ಫೋನ್ ಮಾಡಿದೆ. ಹಬ್ಬಕ್ಕೊಮ್ಮೆ ಮಾತ್ರ ಮಾತಾಡುತ್ತಿದ್ದವರು ನಾವು. ಅವನು ಗಾಬರಿಯಾಗಿ, "ಎಂತಾಯ್ತು ಅಕ್ಕ, ಭಾವ ಹುಷಾರಿದ್ದಾರಾ?" ಎಂದ.

"ಹುಷಾರಿದ್ದಾರೆ. ಆ ಬಾಟ್ಲಿ ನಿಂದಲ್ಲ ಅಲ್ವಾ?"

ಆ ಕಡೆ ದೊಡ್ಡ ಪಾತ್ರೆಗಳ ಸದ್ದು ಕೇಳುತ್ತಿತ್ತು. ಅವನು ಹೊರಗೆ ಬಂದಿರಬೇಕು, ಸದ್ದು ಕಡಿಮೆಯಾಯಿತು. "ಯಾರು ಹೇಳಿದ್ರು?"

"ಅವರೇ."

"ನಿನ್ನ ಹತ್ರ ಹೇಳಿದ್ರಾ?" ಅವನ ದನಿಯಲ್ಲಿ ಆಸೆಯಂಥದ್ದೇನೋ ಇತ್ತು. ನಾನು ಹೌದು ಎಂದು ಸುಳ್ಳು ಹೇಳಿದೆ. ಅಷ್ಟು ಜನ ನಕ್ಕದ್ದನ್ನು ಅವನಿಗೆ ಹೇಳಲು ಬಾಯಿ ಬರಲಿಲ್ಲ.

"ನೀನ್ಯಾಕೆ ತಪ್ಪಾಯ್ತು ಅಂದಿದ್ದು?"

"ನೀನು ಹೋಗ್ತೇನೆ ಅಂತ ಹೇಳಿದ್ದು ನಾನೂ ಕೇಳಿದ್ದೆ. ಅಮ್ಮನಿಗೆ ಹುಷಾರಿರ್ಲಿಲ್ಲ. ನಿಂಗೆ ಆಗಷ್ಟೇ ಶಾಲೆಯ ಕೆಲಸ ಸಿಕ್ಕಿತ್ತು. ನಾನು ಹೌದು ಅಂದ್ರೆ ನಾನೊಬ್ಬ ಹೋಗ್ಬೇಕು. ಅಲ್ಲ ಅಂದ್ರೆ ನೀನೂ ಮಗುವೂ ಹೋಗ್ಬೇಕು. ಅಷ್ಟೇ ನಾನು ಯೋಚಿಸಿದ್ದು." ಮತ್ತೆ ಅವನೇ, "ಮಾರನೇ ದಿನ ಹೋಟೆಲಿನಲ್ಲಿ ಹಿಟ್ಟು ರುಬ್ಬುವ ಕೋಣೆಗೆ ಬಂದು ಭಾವ ನನ್ನ ಕಾಲು ಹಿಡಿದ್ರು ಅಕ್ಕ. ದೊಡ್ಡವ್ರು. ಆಮೇಲೆ ನಾನು ಎಂತ ಹೇಳೂದು?"

"ಮತ್ತೆಯಾದ್ರೂ ನಂಗೆ ಹೇಳ್ಬಹುದಿತ್ತಲ್ಲ."

"ಹೇಳಿದ್ರೆ ನೀನು ಅವರನ್ನು ಬಿಡ್ತಿದ್ದಿಯಾ?"

ಬೆಲ್ ಹೊಡೆಯಿತು. ಮಕ್ಕಳು ಒಳಗೆ ಬಂದು ಕೂತರು. ಅವತ್ತು ಏನು ಪಾಠ ಮಾಡಿದೆನೋ ನೆನಪಿಲ್ಲ.

ತಮ್ಮನ ಮೇಲೆ ಕರುಣೆ ಉಕ್ಕಬೇಕಿತ್ತು. ಉಕ್ಕಿತು ಕೂಡ. ಆದರೆ ಅದರ ಅಡಿಯಲ್ಲಿ ಸಿಟ್ಟಿತ್ತು. ಹಿಟ್ಟು ರುಬ್ಬುವ ಕೋಣೆಯಲ್ಲಿ ಇಬ್ಬರು ಗಂಡಸರು ನಿಂತು ನನ್ನ ಸಂಸಾರ ಉಳಿಯಬೇಕೆಂದು ತೀರ್ಮಾನಿಸಿದರು. ಆ ಸಂಸಾರ ನನಗೆ ಬೇಕೋ ಬೇಡವೋ ಎಂದು ಕೇಳಿದವರಿಲ್ಲ. ನನಗೆ ಗೊತ್ತಾಗಿದ್ದರೆ ಆಗಲೇ ಹೊರಟು ಹೋಗುತ್ತಿದ್ದೆನೋ ಏನೋ. ಹೋಗದೆಯೂ ಇರುತ್ತಿದ್ದೆನೇನೋ. ಅದನ್ನು ತಿಳಿಯುವ ದಾರಿ ಈಗ ಉಳಿದಿಲ್ಲ.

ಮುಂದಿನ ವಾರ ಬೈಕುಲ್ಲಾಕ್ಕೆ ಹೋಗಿದ್ದು ಆಂಟಿಯನ್ನು ಕೇಳಲು ಮಾತ್ರ. ಅವರು ಬಾಗಿಲ ಬಳಿ ಬೆಂಚು ಜೋಡಿಸುತ್ತಿದ್ದರು.

"ನಿಮಗೆ ಗೊತ್ತಿತ್ತಾ?"

ಯಾವುದು ಎಂದು ಅವರು ಕೇಳಲಿಲ್ಲ. ಅಲ್ಲಿಗೇ ನನಗೆ ಉತ್ತರ ಸಿಕ್ಕಿತು. "ಅವರು ನನ್ನ ಗಂಡನ ಹತ್ರ ಹೇಳಿದ್ದು ಮಗಾ. ಒಮ್ಮೆ ನಮ್ಮ ಮನೆಯಲ್ಲೇ ಕೂತು ಹೇಳ್ತಿದ್ರು, ನಾನು ಒಳಗೆ ಚಾ ಮಾಡ್ತಿದ್ದೆ, ಕೇಳಿತು. ನಾನು ನಿಂಗೆ ಹೇಗೆ ಹೇಳ್ಲಿ? ನಾಳೆ ನಿನ್ನ ಮಾತನ್ನು ಇನ್ನೊಬ್ರಿಗೆ ಹೇಳಿದ್ರೆ?"

"ನಾನು ನನ್ನ ತಮ್ಮನನ್ನು ಕುಡುಕ ಅಂತ ಹೇಳಿ ಅತ್ತಾಗ ನೀವು ಬೆನ್ನು ಸವರಿದ್ರಿ."

"ಹೌದು" ಎಂದರು ಆಂಟಿ. "ಅವತ್ತು ಮನೆಗೆ ಹೋಗಿ ನಂಗೆ ಊಟ ಸೇರ್ಲಿಲ್ಲ."

ಅವರು ಹೇಳಿದ್ದು ನಿಜವೇ ಇರಬೇಕು. ಒಳ್ಳೆಯ ಹೆಂಗಸು. ಆ ನಿಯಮ ಮುರಿದರೆ ಆ ಕೋಣೆಯಲ್ಲಿ ಯಾರೂ ಬಾಯಿ ಬಿಡುವುದಿಲ್ಲ ಎನ್ನುವುದೂ ನನಗೆ ಗೊತ್ತು. ಆದರೆ ಆ ನಿಯಮ ನನ್ನ ಗಂಡನನ್ನು ಕಾಪಾಡಿತು, ನನ್ನನ್ನು ಕಾಪಾಡಲಿಲ್ಲ. ಅವತ್ತು ಒಳಗೆ ಹೋಗದೆ ಹಾಗೇ ಮೆಟ್ಟಿಲಿಳಿದೆ. ಆಂಟಿ ಹಿಂದಿನಿಂದ ಕರೆಯಲಿಲ್ಲ.

ಮನೆಯಲ್ಲಿ ಮಗಳಿಗೆ ಎಲ್ಲ ಹೇಳಿದೆ. ಮಾಮನ ನೆನಪೇ ಅವಳಿಗೆ ಸರಿಯಾಗಿ ಇರಲಿಲ್ಲ. ಕೇಳಿ ಮುಗಿಸಿ, "ಸ್ಯಾಡ್ ಹೈ ಮಮ್ಮಿ. ಆದ್ರೆ ಪಪ್ಪ ಈಗ ಕುಡಿಯೂದಿಲ್ಲ ಅಲ್ವಾ? ಫಿರ್ ಕ್ಯಾ, ಇನ್ನೆಂತ?" ಎಂದಳು. ಅವಳ ಮುಖದಲ್ಲಿ ಹೆದರಿಕೆ ಕಂಡಿತು. ಮನೆ ಈಗಷ್ಟೇ ಮನೆಯಂತಾಗಿದೆ, ಮತ್ತೆ ಕೆದಕಬೇಡ ಎನ್ನುವ ಹೆದರಿಕೆ. ಅವಳನ್ನು ದೂರಲಾರೆ.

ದೀಪಾವಳಿ ರಜೆಯಲ್ಲಿ ನಾನೊಬ್ಬಳೇ ಹುಬ್ಬಳ್ಳಿಗೆ ಹೋದೆ. ನನ್ನ ತಮ್ಮ ಮೆಸ್ಸಿಗೆ ಹೋದ ಮೇಲೆ ಅವನ ಹೆಂಡತಿಯ ಎದುರು ಕೂತು, ಮದುವೆ ದಿನ ನಾನು ಹೇಳಿದ್ದು ಸುಳ್ಳು, ನನಗೂ ಗೊತ್ತಿರಲಿಲ್ಲ, ಬಾಟಲಿ ನನ್ನ ಗಂಡನದು ಎಂದೆ. ಅವಳು ಮೆಂತ್ಯೆ ಸೊಪ್ಪು ಬಿಡಿಸುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

"ಕುಡದಾವ್ರನ್ನ ನೋಡ್ಕೋತನ ಬೆಳದಾಕಿ ನಾ, ಅಕ್ಕಾರ. ನಮ್ಮಪ್ಪ ಕುಡೀತಿದ್ದ. ಇವ್ರು ಆ ಪೈಕಿ ಅಲ್ಲಂತ ನನಗ ಮೊದಲ ವಾರದಾಗ ತಿಳೀತು. ಆದ್ರ ಒಡಹುಟ್ಟಿದಾಕಿನ ಹೇಳ್ಯಾಳಲ್ಲ ಅಂತ ಭಾಳ ದಿನ ಸಂಜೀಕ ಇವ್ರ ಬಾಯಿ ಮೂಸಿ ನೋಡೀನಿ. ಇವ್ರು ಒಂದ್ ಮಾತು ಆಡಲಿಲ್ಲ. ಬಾಗಲದಾಗ ಬಂದು ನಿಂತು ತಾವ ಬಾಯಿ ತಗದು ತೋರಸ್ತಿದ್ರು."

ನನ್ನಿಂದ ಅಳು ತಡೆಯಲಾಗಲಿಲ್ಲ. ಅವಳು ಸೊಪ್ಪಿನ ಮೊರವನ್ನು ಸರಿಸಿ ನೀರು ತಂದುಕೊಟ್ಟಳು. "ನೀವು ಬಂದು ಹೇಳಿದ್ರಿ, ಚಲೋ ಆತು. ಆದ್ರ ಹೇಳಬೇಕಾದಾವ್ರು ನೀವಲ್ಲ" ಎಂದಳು.

ಸಂಜೆ ವಿಷಯ ತಿಳಿದು ತಮ್ಮ ನನ್ನ ಮೇಲೆಯೇ ಸಿಟ್ಟಾದ. "ಅವಳ ಹತ್ರ ಯಾಕೆ ಹೇಳ್ಲಿಕ್ಕೆ ಹೋದೆ? ನಾವು ಮರೆತು ಆಗಿತ್ತು" ಎಂದ. ಅವನ ಹೆಂಡತಿ ಒಳಗಿಂದಲೇ, "ಯಾರು ಮರ್ತಾರ?" ಎಂದು ಕೇಳಿದಳು. ಅವನು ಕೈಕಾಲು ತೊಳೆಯಲು ಹಿತ್ತಲಿಗೆ ಹೋದ. ರೈಲು ಹತ್ತಿಸಲು ಬಂದಾಗ ನನ್ನ ಬ್ಯಾಗನ್ನು ಸೀಟಿನ ಅಡಿಗೆ ತಳ್ಳಿ, ತುಂಬ ಹೊತ್ತು ಕಿಟಕಿಯ ಸರಳು ಹಿಡಿದು ನಿಂತ. ನನ್ನ ಕೈಯನ್ನೂ ಹಿಡಿದ.

ಹಿಂತಿರುಗಿ ಬಂದವಳು ಗಂಡನಿಗೆ ಒಂದೇ ಮಾತು ಹೇಳಿದೆ. "ನನಗೆ ಕ್ಷಮೆ ಬೇಡ. ಅವನಿಗೆ ಹೇಳಿ. ಕುಡುಕ ಎಂದು ಯಾರಿಗೆಲ್ಲ ಹೇಳಿದ್ದೀರೋ ಅವರಿಗೂ ಹೇಳಿ." ಅವರು ತಲೆ ತಗ್ಗಿಸಿ ಕೇಳಿಸಿಕೊಂಡರು. ಹೋಟೆಲಿನ ಸೇಠ್‌ಗೆ, ಊರಿನವರಿಗೆ ಹೇಳಿದರೆ ತನ್ನ ಮರ್ಯಾದೆ ಏನಾಗಬೇಕು ಎಂದರು. ತಮ್ಮನಿಗಾದರೆ ಹೇಳುತ್ತೇನೆ ಎಂದು ಒಪ್ಪಿಕೊಂಡರು. ಒಂದು ಭಾನುವಾರ ಬೆಳಿಗ್ಗೆ ನನ್ನ ಎದುರೇ ಫೋನ್ ಹಚ್ಚಿ ಸ್ಪೀಕರ್ ಹಾಕಿದರು.

"ಮತ್ತೆ? ಹೇಗಿದ್ದಿ? ಮೆಸ್ ಹೇಗೆ ನಡೀತಾ ಉಂಟು?"

"ಒಳ್ಳೇದುಂಟು ಭಾವ."

"ಈರುಳ್ಳಿ ಅಲ್ಲಿ ಸಸ್ತಾ ಇರ್ಬೇಕಲ್ಲ. ಇಲ್ಲಿ ಕೇಳ್ಬೇಡ."

"ಇಲ್ಲಿಯೂ ಏರಿದೆ ಭಾವ. ಚಳಿ ಹೇಗುಂಟು ಅಲ್ಲಿ?"

"ಮುಂಬಯಿಯಲ್ಲಿ ಎಂತ ಚಳಿ ಮಾರಾಯ." ಗಂಡ ನನ್ನ ಕಡೆ ನೋಡಿದರು. "ಅಕ್ಕ ಬಂದಿದ್ಳಲ್ಲ ಅಲ್ಲಿಗೆ... ಆ ವಿಷಯ..."

"ಅದೆಲ್ಲ ಇರ್ಲಿ ಭಾವ" ಎಂದ ತಮ್ಮ, ಬೇಗ. "ನೀವು ಆರೋಗ್ಯ ನೋಡ್ಕೊಳ್ಳಿ."

"ಹಾಂ. ನೀನೂ ನೋಡ್ಕೋ."

ಫೋನ್ ಇಟ್ಟು ಹಗುರವಾದವರಂತೆ ಉಸಿರು ಬಿಟ್ಟರು. "ಮಾತಾಡಿದೆನಲ್ಲ" ಎಂದರು ನನಗೆ. ನಾನು ಎದ್ದು ಹಾಲಿಗೆ ಉರಿ ಹಚ್ಚಿದೆ. ಜನ ತುಂಬಿದ ಕೋಣೆಯಲ್ಲಿ ಎಲ್ಲವನ್ನೂ ಬಿಚ್ಚಿಡುವ ಮನುಷ್ಯನಿಗೆ, ಅನ್ಯಾಯವಾದವನ ಕಿವಿಗೆ ಒಂದು ವಾಕ್ಯ ಮುಟ್ಟಿಸಲು ಆಗಲಿಲ್ಲ. ಆ ಅನ್ಯಾಯವಾದವನೇ ಅವರಿಗೆ ಮತ್ತೊಮ್ಮೆ ತಪ್ಪಿಸಿಕೊಳ್ಳಲು ದಾರಿ ಮಾಡಿಕೊಟ್ಟ.

ಅವರು ಈಗಲೂ ಕುಡಿಯುವುದಿಲ್ಲ. ಈಗಲೂ ಬೈಕುಲ್ಲಾಕ್ಕೆ ಹೋಗುತ್ತಾರೆ. ಹೊಸದಾಗಿ ಬಂದ ಒಬ್ಬನಿಗೆ ಈಗ ಇವರೇ ಸ್ಪಾನ್ಸರ್. ಅವನ ಹೆಂಡತಿ ಒಂದು ದಿನ ಮನೆಗೆ ಬಂದು, "ನಿಮ್ಮವರಿಂದ ನಮ್ಮ ಮನೆ ಉಳಿಯಿತು" ಎಂದು ಹಿಂದಿಯಲ್ಲಿ ಹೇಳಿ ನನ್ನ ಕೈ ಹಿಡಿದಳು. ಅವಳಿಗೆ ಚಾ ಮಾಡಿಕೊಟ್ಟೆ. ಅವಳು ಹೇಳಿದ್ದು ಸುಳ್ಳಲ್ಲ.

ನಾನು ಸಾಕಷ್ಟು ತಿಂಗಳು ಎಲ್ಲಿಗೂ ಹೋಗಲಿಲ್ಲ. ಆಮೇಲೆ ಆ ಹಳೆಯ ನಂಬರಿಗೇ ಮತ್ತೆ ಫೋನ್ ಮಾಡಿ, ನನ್ನ ಗಂಡ ಹೋಗದ ಕಡೆ ಯಾವುದಾದರೂ ಇದೆಯೇ ಎಂದು ಕೇಳಿದೆ. ಈಗ ಕುರ್ಲಾದಲ್ಲೇ, ಒಂದು ದವಾಖಾನೆಯ ಮಾಳಿಗೆಯಲ್ಲಿ ಮನೆಯವರಿಗೆಂದೇ ನಡೆಯುವ ಮೀಟಿಂಗ್‌ಗೆ ಹೋಗುತ್ತೇನೆ. ಅಲ್ಲಿ ಪಕ್ಕದ ಕೋಣೆ ಇಲ್ಲ. ಪ್ಲಾಸ್ಟಿಕ್ ಕುರ್ಚಿಗಳು, ಸದ್ದು ಮಾಡುವ ಫ್ಯಾನು, ಹಿಂದಿ, ಮರಾಠಿ. ಮೊದಲು ಕೆಲವು ವಾರ ಸುಮ್ಮನೆ ಕೂತೆ. ಇಲ್ಲಿ ಹೇಳಿದ್ದು ಇಲ್ಲೇ ಉಳಿಯಬೇಕು ಎಂದು ಶುರುವಿನಲ್ಲಿ ಓದುವಾಗ ಪ್ರತಿ ಸಲವೂ ನಾನು ಬಾಗಿಲ ಕಡೆ ನೋಡುತ್ತೇನೆ. ಆದರೂ ಒಂದು ದಿನ ತಮ್ಮನ ಕಥೆಯನ್ನು ಹೇಳಿದೆ, ಈ ಸಲ ನಡೆದಂತೆ. ಯಾರೂ ನಗಲಿಲ್ಲ. ಮುಗಿದ ಮೇಲೆ ಹೊಸದಾಗಿ ಬರುತ್ತಿದ್ದ ಒಬ್ಬ ಮರಾಠಿ ಹೆಂಗಸು ಮೆಟ್ಟಿಲಿಳಿಯುವಾಗ ನನ್ನನ್ನು ನಿಲ್ಲಿಸಿ, ಗಂಡನನ್ನು ಕ್ಷಮಿಸಿದಿರಾ ಎಂದು ಕೇಳಿದಳು.

ಇಲ್ಲ ಎಂದೆ.

"ಹಾಗಾದರೆ ಇಲ್ಲಿಗೆ ಬಂದು ಏನು ಸಿಗುತ್ತದೆ?"

ಹೊರಗೆ ಶೇರ್ ರಿಕ್ಷಾದವರು ಸ್ಟೇಷನ್ ಸ್ಟೇಷನ್ ಎಂದು ಕೂಗುತ್ತಿದ್ದರು. ಇಲ್ಲಿಯಾದರೆ 'ಇಲ್ಲ, ಕ್ಷಮಿಸಿಲ್ಲ' ಎಂದು ಹೇಳಬಹುದು, ಮನೆಯಲ್ಲಿ ಹೇಳಲಾಗುವುದಿಲ್ಲ ಎಂದೆ. ಅವಳು ತಲೆಯಾಡಿಸಿದಳು. ಇಬ್ಬರೂ ಒಂದೇ ರಿಕ್ಷಾ ಹತ್ತಿದೆವು.